‘ವ್ಯತ್ಯಾಸ ಕಂಡುಬರಲಿಲ್ಲ’ ಎಂಬ ಫಲಿತಾಂಶ

ಕ್ಷೇತ್ರೋತ್ಸವದ ದಿನ ಸಂಶೋಧನಾ ತಾಕುಗಳನ್ನು ನೋಡಲು ಬರುವ ರೈತರು ಮೊದಲು ಕೇಳುವ ಪ್ರಶ್ನೆ, “ಇದರಲ್ಲಿ ಯಾವುದು ಚೆನ್ನಾಗಿ ಬಂದಿದೆ?” ಎಂಬುದು. ಕೆಲವು ವರ್ಷಗಳ ಹಿಂದೆ ಹೀಗೆ ಬಂದಿದ್ದ ಹಿರಿಯ ರೈತರೊಬ್ಬರು ರಾಗಿಯ ತಾಕುಗಳ ನಡುವೆ ಒಂದು ಸುತ್ತು ಹಾಕಿ, ಬದುವಿನ ಮೇಲೆ ನಿಂತು, “ಸ್ವಾಮಿ, ಬೀಜಕ್ಕೆ ಜೀವಾಣು ಗೊಬ್ಬರ ಹಚ್ಚಿದ್ದೂ ಹಚ್ಚದೇ ಬಿಟ್ಟದ್ದೂ ನನ್ನ ಕಣ್ಣಿಗೆ ಒಂದೇ ಥರ ಕಾಣ್ತಾ ಇದೆಯಲ್ಲ. ಹೀಗಾದರೆ ಈ ಹುಡುಗನಿಗೆ ಪದವಿ ಕೊಡ್ತಾರೇನು?” ಎಂದು ಕೇಳಿದರು. ಪಕ್ಕದಲ್ಲಿ ನಿಂತಿದ್ದ ವಿದ್ಯಾರ್ಥಿಯ ಮುಖ ಸಪ್ಪಗಾಯಿತು. ಹಿಂದಿನ ವಾರವಷ್ಟೇ ಅವನು ಅದೇ ಪ್ರಶ್ನೆಯನ್ನು ನನ್ನ ಕೊಠಡಿಗೆ ಬಂದು ಬೇರೆ ಮಾತುಗಳಲ್ಲಿ ಕೇಳಿ ಹೋಗಿದ್ದ.

ಡಾಕ್ಟರೇಟ್ ಪದವಿಗೆ ಸೇರಿದ ವಿದ್ಯಾರ್ಥಿ ಮೂರು ನಾಲ್ಕು ವರ್ಷ ಒಂದೇ ವಿಷಯದ ಬೆನ್ನು ಹತ್ತಬೇಕಾಗುತ್ತದೆ. ಮೊದಲು ಪಾಠ ಮತ್ತು ಪರೀಕ್ಷೆ, ನಂತರ ಹೊಲದ ಪ್ರಯೋಗ, ಕೊನೆಗೆ ಲೆಕ್ಕಾಚಾರ, ಪ್ರಬಂಧ ಮತ್ತು ಮೌಖಿಕ ಪರೀಕ್ಷೆ. ಮಳೆಯಾಶ್ರಯದ ಮುಂಗಾರು ಬೆಳೆಯಾದರೆ ಎರಡು ಹಂಗಾಮು ಎಂದರೆ ಎರಡು ವರ್ಷಗಳೇ ಸರಿ. ಅಷ್ಟೂ ದಿನ ಶಿಷ್ಯವೇತನ ಮಾತ್ರ ಆಧಾರ. ಊರಿನಲ್ಲಿ ತಂದೆ ತಾಯಿ ಕಾಯುತ್ತಿರುತ್ತಾರೆ. ಇಷ್ಟೆಲ್ಲ ಆದ ಮೇಲೆ ತೂಕದ ತಕ್ಕಡಿ ‘ಎರಡೂ ಒಂದೇ’ ಎಂದು ಹೇಳಿದರೆ ಹುಡುಗ ಹುಡುಗಿಯರಿಗೆ ನಿದ್ದೆ ಹತ್ತದಿರುವುದು ಸಹಜ.

ಆ ರೈತರಿಗೆ ನಾನು ಕೊಟ್ಟ ಉತ್ತರ ಚಿಕ್ಕದಾಗಿತ್ತು: “ಕೊಡುತ್ತಾರೆ, ಆದರೆ ಒಂದೇ ಎಂದು ಅವನು ತೋರಿಸಿಕೊಡಬೇಕು.” ಬದುವಿನ ಮೇಲೆ ವಿವರಿಸಲು ಸಮಯವಿರಲಿಲ್ಲ. ಆ ವಿವರಣೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ವಿದ್ಯಾರ್ಥಿಗಳ ಮನೆ ಮಾತು ಎಂದು ರೈತ ಬಾಂಧವರು ಪುಟ ತಿರುಗಿಸಬಾರದು. ‘ಇದರಿಂದ ಇಳುವರಿ ಹೆಚ್ಚುವುದಿಲ್ಲ’ ಎಂಬ ಮಾತು ಸಕಾಲದಲ್ಲಿ ಹೊರಗೆ ಬಾರದೆ ಹೋದರೆ ಅದರ ಖರ್ಚನ್ನು ಭರಿಸುವವರು ನೀವೇ.

ಮೊದಲಿಗೆ, ಪ್ರಯೋಗ ಕೆಟ್ಟುಹೋಗುವುದು ಬೇರೆ, ಪ್ರಯೋಗ ‘ಇಲ್ಲ’ ಎಂಬ ಉತ್ತರ ಕೊಡುವುದು ಬೇರೆ. ಮಳೆ ಕೈಕೊಟ್ಟು ಪೈರು ಒಣಗಿದರೆ, ದನ ನುಗ್ಗಿ ಎರಡು ತಾಕು ಮೇಯ್ದರೆ, ಆಳು ತಪ್ಪಿ ಬೇರೆ ತಾಕಿಗೆ ಗೊಬ್ಬರ ಎರಚಿದರೆ ಅದು ಕೆಟ್ಟ ಪ್ರಯೋಗ. ಅದರಿಂದ ಯಾವ ಉತ್ತರವೂ ಬರುವುದಿಲ್ಲ. ಇವೆರಡರ ನಡುವೆ ಇನ್ನೊಂದು ಬಗೆಯಿದ್ದು, ಅಲ್ಲಿ ಅನುಭವಸ್ಥರೂ ಎಡವುವುದುಂಟು. ರಾಗಿಯ ಬೆಂಕಿರೋಗಕ್ಕೆ ಒಂದು ಸಿಂಪರಣೆಯನ್ನು ಪರೀಕ್ಷಿಸುತ್ತಿದ್ದೇವೆ ಎಂದಿಟ್ಟುಕೊಳ್ಳಿ. ಆ ವರ್ಷ ಮೋಡ, ತುಂತುರು, ತೇವ ಯಾವುದೂ ಇಲ್ಲದೆ ರೋಗವೇ ಕಾಣಿಸಿಕೊಳ್ಳಲಿಲ್ಲ. ಔಷಧಿ ಹೊಡೆದ ತಾಕು, ಹೊಡೆಯದ ತಾಕು ಎರಡೂ ಆರೋಗ್ಯವಾಗಿಯೇ ಇರುತ್ತವೆ. ‘ವ್ಯತ್ಯಾಸವಿಲ್ಲ, ಆದ್ದರಿಂದ ಔಷಧಿ ನಿಷ್ಪ್ರಯೋಜಕ’ ಎಂದು ಬರೆದರೆ ಅದು ಕಳ್ಳನೇ ಬಾರದ ರಾತ್ರಿಯಲ್ಲಿ ನಾಯಿಯನ್ನು ಪರೀಕ್ಷಿಸಿದಂತೆ. ಇದಕ್ಕಾಗಿಯೇ ರೋಗದ ಪ್ರಯೋಗಗಳಲ್ಲಿ ಬೇಗ ರೋಗಕ್ಕೆ ತುತ್ತಾಗುವ ತಳಿಯ ಕೆಲವು ಸಾಲುಗಳನ್ನು ನಡುನಡುವೆ ಬಿತ್ತಿರುತ್ತಾರೆ. ಆ ಸಾಲುಗಳು ಸುಟ್ಟಂತಾಗಿ, ಔಷಧಿ ಹೊಡೆದ ತಾಕೂ ಹೊಡೆಯದ ತಾಕಿನಷ್ಟೇ ಸುಟ್ಟಿದ್ದರೆ ಆಗ ಮಾತ್ರ ‘ಇಲ್ಲ’ ಎಂದು ಹೇಳುವ ಅಧಿಕಾರ ಬರುತ್ತದೆ.

ಎರಡನೆಯದಾಗಿ, ಆ ಪ್ರಯೋಗದ ಕಣ್ಣು ಎಷ್ಟು ಚುರುಕಾಗಿತ್ತು ಎಂಬುದನ್ನು ನೋಡಬೇಕು. ಒಂದೇ ಹೊಲದಲ್ಲಿ ಒಂದೇ ತಳಿ, ಒಂದೇ ಗೊಬ್ಬರ ಹಾಕಿ ಬೆಳೆದರೂ ಮೇಲಿನ ತುದಿಯ ರಾಗಿಗೂ ಕೆಳಗಿನ ತುದಿಯ ರಾಗಿಗೂ ವ್ಯತ್ಯಾಸ ಬರುವುದು ನಿಮಗೆ ತಿಳಿದದ್ದೇ. ಮಣ್ಣಿನ ಈ ಸ್ವಭಾವದಿಂದಾಗಿಯೇ ಒಂದೊಂದು ಉಪಚಾರವನ್ನು ಮೂರು ನಾಲ್ಕು ತಾಕುಗಳಲ್ಲಿ ಪುನರಾವರ್ತನೆ ಮಾಡಿ, ಚೀಟಿ ಎತ್ತಿದಂತೆ ಅಲ್ಲಲ್ಲಿ ಹಂಚಿ ಹಾಕುತ್ತಾರೆ. ಉದಾಹರಣೆಗೆ, ಸರಾಸರಿ ಇಳುವರಿ ಹೆಕ್ಟೇರಿಗೆ 25 ಕ್ವಿಂಟಾಲ್, ತಾಕಿನಿಂದ ತಾಕಿಗೆ ಏರುಪೇರು ಶೇಕಡ 15, ಪುನರಾವರ್ತನೆ ನಾಲ್ಕು ಎಂದಿಟ್ಟುಕೊಂಡರೆ, ಎರಡು ಉಪಚಾರಗಳ ನಡುವೆ ಸುಮಾರು ಐದೂವರೆಯಿಂದ ಆರು ಕ್ವಿಂಟಾಲಿನಷ್ಟು ಅಂತರವಿದ್ದರೆ ಮಾತ್ರ ಅದನ್ನು ನಿಜವಾದ ವ್ಯತ್ಯಾಸವೆಂದು ಲೆಕ್ಕ ಒಪ್ಪುತ್ತದೆ. ಪ್ರಬಂಧಗಳ ಕೋಷ್ಟಕದ ಕೊನೆಯಲ್ಲಿ ‘ಸಿ.ಡಿ.’ ಎಂದು ಬರೆದಿರುವುದು ಈ ಅಳತೆಯನ್ನೇ.

ಈಗ ಯೋಚಿಸಿ ನೋಡಿ. ಜೀವಾಣು ಗೊಬ್ಬರ ಹಾಕಿದ್ದರಿಂದ ನಿಜವಾಗಿಯೂ ಎರಡು ಕ್ವಿಂಟಾಲ್ ಹೆಚ್ಚು ಬಂದಿದ್ದರೂ ಈ ಪ್ರಯೋಗ ಅದನ್ನು ಕಾಣಲಾರದು. ಒಂದೆರಡು ಪೊಟ್ಟಣಗಳ ಬೆಲೆಗೆ ಎರಡು ಕ್ವಿಂಟಾಲ್ ರಾಗಿ ಸಿಗುವುದಾದರೆ ಯಾವ ರೈತ ಬೇಡವೆನ್ನುತ್ತಾನೆ? ಆದ್ದರಿಂದ ವಿದ್ಯಾರ್ಥಿಯು ‘ಪರಿಣಾಮವಿಲ್ಲ’ ಎಂದು ಬರೆಯುವುದು ತಪ್ಪು. ‘ಇಷ್ಟು ಕ್ವಿಂಟಾಲಿಗಿಂತ ಹೆಚ್ಚಿನ ಪರಿಣಾಮ ಕಂಡುಬರಲಿಲ್ಲ, ಅದಕ್ಕಿಂತ ಕಡಿಮೆಯದನ್ನು ಈ ಪ್ರಯೋಗ ತೋರಿಸಲಾರದು’ ಎಂದು ಬರೆಯಬೇಕು. ಕಣ್ಣು ಇಮ್ಮಡಿ ಚುರುಕಾಗಬೇಕಾದರೆ ಪುನರಾವರ್ತನೆ ಎರಡು ಪಟ್ಟಾದರೆ ಸಾಲದು, ನಾಲ್ಕು ಪಟ್ಟಾಗಬೇಕು. ನಾಲ್ಕರ ಬದಲು ಹದಿನಾರು. ಅಷ್ಟು ಜಾಗವಾಗಲಿ ಆಳಾಗಲಿ ವಿದ್ಯಾರ್ಥಿಗೆ ಎಲ್ಲಿಂದ ಬರಬೇಕು? ಅದಕ್ಕೇ ಈ ಲೆಕ್ಕವನ್ನು ಬಿತ್ತನೆಗೆ ಮೊದಲೇ ಹಾಕಿರಬೇಕು. ಕೊಯ್ಲಾದ ಮೇಲೆ ಹಾಕುವವರೇ ಹೆಚ್ಚು ಎಂಬುದನ್ನು, ಮಾರ್ಗದರ್ಶಕರಾದ ನಮ್ಮನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ನಮ್ಮ ವಿದ್ಯಾರ್ಥಿ ಈ ಎರಡು ಪರೀಕ್ಷೆಗಳನ್ನು ಮಾಡುವ ಬದಲು ಮೊದಲು ಹಿಡಿದದ್ದು ಬೇರೆ ದಾರಿ. ಅವನ ಪುಸ್ತಕದಲ್ಲಿ ಇಳುವರಿಯಷ್ಟೇ ಅಲ್ಲದೆ 30, 60, 90 ದಿನಗಳಲ್ಲಿ ಗಿಡದ ಎತ್ತರ, ಎಲೆಗಳ ಸಂಖ್ಯೆ, ತೆಂಡೆಗಳ ಸಂಖ್ಯೆ, ತೆನೆಯ ಉದ್ದ, ಬೇರಿನ ತೂಕ, ಸಾವಿರ ಕಾಳಿನ ತೂಕ ಎಂದು ಇಪ್ಪತ್ತಕ್ಕೂ ಮಿಕ್ಕಿ ಅಂಕಣಗಳಿದ್ದವು. ಅದರಲ್ಲಿ ಒಂದೇ ಒಂದರಲ್ಲಿ, 60 ದಿನಗಳ ಎಲೆಗಳ ಸಂಖ್ಯೆಯಲ್ಲಿ, ವ್ಯತ್ಯಾಸ ಬಂದಿತ್ತು. ಅದನ್ನೇ ಮುಂದಿಟ್ಟು ಅಧ್ಯಾಯ ಬರೆದುಕೊಂಡು ಬಂದ. ನೂರಕ್ಕೆ ಐದರ ಲೆಕ್ಕದಲ್ಲಿ ಪರೀಕ್ಷೆ ಮಾಡಿದಾಗ, ಏನೂ ಪರಿಣಾಮವಿಲ್ಲದ ವಸ್ತುವೂ ಇಪ್ಪತ್ತು ಅಂಕಣಗಳಲ್ಲಿ ಸರಾಸರಿ ಒಂದರಲ್ಲಿ ಆಕಸ್ಮಿಕವಾಗಿ ಗೆದ್ದಂತೆ ಕಾಣುತ್ತದೆ. ಎಲೆ ಹೆಚ್ಚಿ ಕಾಳು ಹೆಚ್ಚದಿದ್ದರೆ ಅದರಿಂದ ದನಕ್ಕೆ ಒಂದು ಹಿಡಿ ಹುಲ್ಲು ಹೆಚ್ಚಾಗಬಹುದೇ ಹೊರತು ರೈತನ ಕಣಜ ತುಂಬುವುದಿಲ್ಲ. ಅಧ್ಯಾಯವನ್ನು ಹಿಂದಿರುಗಿಸಿದೆ. ಅವನಿಗೆ ಬೇಸರವಾಯಿತು. ಆಗ ಅವನಿಗೆ ಓದಲು ಕೊಟ್ಟದ್ದು ನೂರೈವತ್ತು ವರ್ಷಗಳಿಗೂ ಹಿಂದಿನ ಒಂದು ಪ್ರಯೋಗದ ವರದಿ. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಇಂಗ್ಲೆಂಡಿನಲ್ಲಿ ಲಂಡನ್ನಿನ ಉತ್ತರಕ್ಕೆ ರಾಥಮ್‌ಸ್ಟೆಡ್ ಎಂಬಲ್ಲಿ ಜಾನ್ ಬೆನೆಟ್ ಲಾಸ್ ಎಂಬ ಜಮೀನುದಾರರು ರಸಾಯನ ಶಾಸ್ತ್ರಜ್ಞ ಗಿಲ್ಬರ್ಟರ ಜೊತೆ ಸೇರಿ 1843ರಲ್ಲಿ ಗೊಬ್ಬರದ ಪ್ರಯೋಗಗಳನ್ನು ಆರಂಭಿಸಿದರು. ಆ ಕಾಲದಲ್ಲಿ ಎಲ್ಲರನ್ನೂ ಕಾಡುತ್ತಿದ್ದ ಪ್ರಶ್ನೆಯೊಂದಿತ್ತು. ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ ಇದೆ. ಗಿಡಗಳು ಅದನ್ನು ನೇರವಾಗಿ ಬಳಸಿಕೊಳ್ಳುತ್ತವೆಯೇ? ಫ್ರಾನ್ಸಿನಲ್ಲಿ ಬೂಸಾಂಗೋ ಎಂಬ ವಿಜ್ಞಾನಿ ‘ಇಲ್ಲ’ ಎಂದರೆ, ವೀಲ್ ಎಂಬುವರು ‘ಹೌದು’ ಎಂದು ವಾದಿಸುತ್ತಿದ್ದರು. ಇದನ್ನು ಇತ್ಯರ್ಥ ಮಾಡಲು ರಾಥಮ್‌ಸ್ಟೆಡ್‌ನಲ್ಲಿ 1857 ಮತ್ತು 1858ರಲ್ಲಿ ಪ್ರಯೋಗ ನಡೆಯಿತು. ಅದರ ಬಹುಪಾಲು ಶ್ರಮ, ಜರ್ಮನಿಯ ಗಟಿಂಗೆನ್‌ನಲ್ಲಿ 1856ರಲ್ಲಿ ಡಾಕ್ಟರೇಟ್ ಮುಗಿಸಿ ಬಂದಿದ್ದ ಇವಾನ್ ಪ್ಯೂ ಎಂಬ ಅಮೆರಿಕದ ತರುಣನದು.

ಆ ಪ್ರಯೋಗದ ಅಚ್ಚುಕಟ್ಟುತನವನ್ನು ಇಂದಿಗೂ ಮೆಚ್ಚಲೇಬೇಕು. ಮಣ್ಣಿನಲ್ಲಿ ಮೊದಲೇ ಇರುವ ಸಾರಜನಕ ಲೆಕ್ಕ ತಪ್ಪಿಸಬಾರದೆಂದು ಮಣ್ಣನ್ನೂ ಹಗುರ ಕಲ್ಲಿನ ಚೂರನ್ನೂ ಕೆಂಪಗೆ ಕಾಯಿಸಿ ತೊಳೆದು ಬಳಸಿದರು. ಗಿಡಗಳನ್ನು ಗಾಜಿನ ಗಂಟೆಯೊಳಗೆ ಬೆಳೆಸಿದರು. ಒಳಗೆ ಹೋಗುವ ಗಾಳಿಯಲ್ಲಿ ಅಮೋನಿಯದ ಲವಲೇಶವೂ ಇರಬಾರದೆಂದು ಅದನ್ನು ಗಂಧಕಾಮ್ಲದ ಮೂಲಕ ಹಾಯಿಸಿದರು. ಗೋಧಿ, ಬಾರ್ಲಿ, ಓಟ್ಸ್ ಅಲ್ಲದೆ ಬಟಾಣಿ, ಹುರುಳಿಕಾಯಿ ಜಾತಿ, ಕ್ಲೋವರ್ ಮೇವನ್ನೂ ಬೆಳೆಸಿದರು. ಬಿತ್ತಿದ ಬೀಜದಲ್ಲಿದ್ದ ಸಾರಜನಕವೆಷ್ಟು, ಕೊನೆಗೆ ಗಿಡದಲ್ಲೂ ಕುಂಡದಲ್ಲೂ ಉಳಿದದ್ದೆಷ್ಟು ಎಂದು ತೂಗಿ ನೋಡಿದರೆ ಹೆಚ್ಚಾದದ್ದು ಏನೂ ಇರಲಿಲ್ಲ. ಗಾಳಿಯ ಸಾರಜನಕ ಗಿಡಕ್ಕೆ ದಕ್ಕುವುದಿಲ್ಲ ಎಂಬುದು ಫಲಿತಾಂಶ. 1861ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಸುದೀರ್ಘ ವರದಿ ಪ್ರಕಟವಾಯಿತು.

ಈ ಉತ್ತರ ಹೊಲದ ಅನುಭವಕ್ಕೆ ವಿರುದ್ಧವಾಗಿತ್ತು. ಕ್ಲೋವರ್ ಬೆಳೆದ ನೆಲದಲ್ಲಿ ಮುಂದಿನ ಗೋಧಿ ಚೆನ್ನಾಗಿ ಬರುತ್ತದೆ ಎಂದು ಅಲ್ಲಿನ ರೈತರು ಬಲ್ಲರು. ರಾಗಿಯ ಜೊತೆ ಅವರೆಯ ಅಕ್ಕಡಿ ಸಾಲು ಇಡುವ ನಮ್ಮ ರೈತರು ಬಲ್ಲಂತೆ. ಲಾಸ್, ಗಿಲ್ಬರ್ಟರ ಸ್ವಂತ ಹೊಲದ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಅವರು ಏನು ಮಾಡಿದರು ಎಂಬುದೇ ಇಲ್ಲಿ ಮುಖ್ಯ. ಕುಂಡದ ಫಲಿತಾಂಶವನ್ನು ಬಚ್ಚಿಡಲಿಲ್ಲ; ಹೊಲದ ಒಗಟನ್ನೂ ಮುಚ್ಚಿಹಾಕಲಿಲ್ಲ. ಏಕದಳ ಧಾನ್ಯಗಳ ಬಗ್ಗೆ ಗಟ್ಟಿಯಾಗಿ ಹೇಳಿ, ದ್ವಿದಳ ಗಿಡಗಳ ವಿಷಯದಲ್ಲಿ ಮಾತ್ರ ಪೈರು ಅಷ್ಟು ತೃಪ್ತಿಕರವಾಗಿ ಬೆಳೆಯಲಿಲ್ಲವೆಂದೂ, ಅವು ಆರೋಗ್ಯವಾಗಿ ಬೆಳೆಯುವ ಸ್ಥಿತಿಯಲ್ಲಿ ಇನ್ನೂ ಪ್ರಯೋಗಗಳಾಗಬೇಕೆಂದೂ ವರದಿಯಲ್ಲಿಯೇ ಬರೆದಿಟ್ಟರು. ಮಣ್ಣನ್ನು ಹೇಗೆ ಕಾಯಿಸಿದೆವು, ಗಾಳಿಯನ್ನು ಹೇಗೆ ತೊಳೆದೆವು ಎಂಬುದನ್ನೆಲ್ಲ ಬಿಡದೆ ದಾಖಲಿಸಿದರು.

ಇಪ್ಪತ್ತೈದು ವರ್ಷಗಳ ನಂತರ, 1886ರಲ್ಲಿ, ಬರ್ಲಿನ್ ನಗರದ ಸಮ್ಮೇಳನವೊಂದರಲ್ಲಿ ಹೆಲ್‌ರೀಗಲ್ ಎಂಬ ಜರ್ಮನ್ ವಿಜ್ಞಾನಿ ತಾವೂ ತಮ್ಮ ಸಹಾಯಕ ವಿಲ್ಫಾರ್ತ್ ಅವರೂ ನಡೆಸಿದ ಪ್ರಯೋಗವನ್ನು ಮುಂದಿಟ್ಟರು. ಸಾರಜನಕವಿಲ್ಲದ ಮರಳಿನಲ್ಲಿ ಓಟ್ಸ್ ಎಲ್ಲ ಕುಂಡಗಳಲ್ಲೂ ಒಂದೇ ಸಮನಾಗಿ ಸೊರಗುತ್ತಿತ್ತು. ಬಟಾಣಿ ಮಾತ್ರ ಒಂದು ಕುಂಡದಲ್ಲಿ ಸೊರಗಿದರೆ ಪಕ್ಕದ ಕುಂಡದಲ್ಲಿ ಹುಲುಸಾಗಿ ಬೆಳೆಯುತ್ತಿತ್ತು. ಈ ಏರುಪೇರನ್ನು ‘ಪ್ರಯೋಗ ದೋಷ’ ಎಂದು ಅವರು ತಳ್ಳಿಹಾಕಲಿಲ್ಲ. ಮರಳನ್ನು ಕಾಯಿಸಿ ಜೀವಾಣುರಹಿತ ಮಾಡಿದಾಗ ಬಟಾಣಿ ಎಲ್ಲ ಕುಂಡಗಳಲ್ಲೂ ಸೊರಗಿತು. ಅದಕ್ಕೆ ಹೊಲದ ಮಣ್ಣನ್ನು ಕದಡಿದ ನೀರನ್ನು ಸ್ವಲ್ಪ ಹಾಕಿದೊಡನೆ ಬೇರಿನಲ್ಲಿ ಗಂಟುಗಳು ಮೂಡಿ ಗಿಡ ಚಿಗುರಿತು. ಗಾಳಿಯ ಸಾರಜನಕವನ್ನು ಹಿಡಿಯುವುದು ಗಿಡ ಒಂದೇ ಅಲ್ಲ. ಗಂಟಿನೊಳಗಿನ ಜೀವಾಣುವಿನ ಜೊತೆಗೂಡಿ ಹಿಡಿಯುತ್ತದೆ. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಜೀವಾಣುವನ್ನು ಬೇರ್ಪಡಿಸಿ ಬೆಳೆಸಿದರು.

ರಾಥಮ್‌ಸ್ಟೆಡ್‌ನಲ್ಲಿ ಮಣ್ಣನ್ನು ಅಷ್ಟು ಶುದ್ಧವಾಗಿ ಕಾಯಿಸಿದ್ದರಿಂದಲೇ ಆ ಜೀವಾಣುಗಳು ಸತ್ತುಹೋಗಿದ್ದವು. ಅವರ ‘ಇಲ್ಲ’ ಗೋಧಿ, ಬಾರ್ಲಿಗೆ ಸರಿಯಾಗಿತ್ತು. ಬಟಾಣಿ, ಕ್ಲೋವರ್‌ಗೆ ತಪ್ಪಾಗಿತ್ತು. ವಿಧಾನವನ್ನು ಬಿಡಿಸಿ ಬರೆದಿದ್ದರಿಂದ ಎಲ್ಲಿ ತಪ್ಪಿತು ಎಂದು ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದಾಗಿತ್ತು. ವೃದ್ಧರಾಗಿದ್ದ ಲಾಸ್ ಮತ್ತು ಗಿಲ್ಬರ್ಟ್ 1888ರಿಂದ ತಾವೇ ಹೊಸ ಪ್ರಯೋಗಗಳನ್ನು ನಡೆಸಿ ಹೆಲ್‌ರೀಗಲ್‌ರ ಮಾತು ಸರಿಯೆಂದು ಒಪ್ಪಿಕೊಂಡರು. ಪ್ಯೂ ಇದನ್ನು ನೋಡಲು ಉಳಿದಿರಲಿಲ್ಲ. ಪೆನ್ಸಿಲ್ವೇನಿಯದ ಕೃಷಿ ಕಾಲೇಜಿನ ಮೊದಲ ಮುಖ್ಯಸ್ಥರಾಗಿ ದುಡಿದು 1864ರಲ್ಲಿಯೇ, ನಲವತ್ತು ತುಂಬುವ ಮೊದಲೇ ತೀರಿಕೊಂಡಿದ್ದರು.

ವಿದ್ಯಾರ್ಥಿ ಈ ವರದಿಯನ್ನು ಓದಿ ಬಂದ ಮೇಲೆ ಕೇಳಿದ ಪ್ರಶ್ನೆ ಚೆನ್ನಾಗಿತ್ತು: “ಹಾಗಾದರೆ ನನ್ನ ತಾಕಿನ ಮಣ್ಣಿನಲ್ಲಿ ಏನಿತ್ತು ಎಂದು ಮೊದಲು ನೋಡಬೇಕಲ್ಲವೇ?” ನೋಡಿದಾಗ ಆ ತಾಕಿಗೆ ಹಲವು ವರ್ಷಗಳಿಂದ ಕೊಟ್ಟಿಗೆ ಗೊಬ್ಬರ ಬಿದ್ದಿದ್ದು, ಸಾರಜನಕದ ಕೊರತೆಯೇ ಇರಲಿಲ್ಲ. ಹೊಟ್ಟೆ ತುಂಬಿದವನಿಗೆ ಊಟದ ರುಚಿ ಕೇಳಿದಂತಾಗಿತ್ತು. ಸಂಶೋಧನಾ ಕೇಂದ್ರಗಳ ಹೊಲಗಳಲ್ಲಿ ಇದು ಅಪರೂಪವಲ್ಲ. ದಶಕಗಳಿಂದ ರಂಜಕ ಹಾಕಿಸಿಕೊಂಡ ನೆಲದಲ್ಲಿ ರಂಜಕದ ಪ್ರಯೋಗ ಮಾಡಿದರೂ ಹೀಗೆಯೇ. ಎರಡನೇ ಹಂಗಾಮಿಗೆ ಅವನು ಅದೇ ಪ್ರಯೋಗವನ್ನು ಕೇಂದ್ರದಲ್ಲಿ ಮಾತ್ರವಲ್ಲದೆ ಬಡ ಕೆಂಪು ನೆಲದ ಒಂದು ರೈತರ ಹೊಲದಲ್ಲಿಯೂ ಪುನರಾವರ್ತನೆ ಹೆಚ್ಚಿಸಿ ಹಾಕಿದ. ಅಲ್ಲಿಯೂ ಲೆಕ್ಕ ಒಪ್ಪುವಂಥ ವ್ಯತ್ಯಾಸ ಬರಲಿಲ್ಲ. ಎಷ್ಟು ಕ್ವಿಂಟಾಲಿಗಿಂತ ಹೆಚ್ಚು ಬರಲಿಲ್ಲ, ಯಾವ ಮಣ್ಣು, ಎಷ್ಟು ಮಳೆ, ಪೊಟ್ಟಣದಲ್ಲಿ ಜೀವಾಣುಗಳು ಬದುಕಿದ್ದವೇ ಎಂಬುದನ್ನೆಲ್ಲ ಸೇರಿಸಿ ಬರೆದ. ಎಲೆಗಳ ಸಂಖ್ಯೆ ಕೋಷ್ಟಕದಲ್ಲಿ ತನ್ನ ಸ್ಥಾನದಲ್ಲಿ ಉಳಿಯಿತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹೆಚ್ಚು ಹೊತ್ತು ಕೇಳಿದ್ದು ಆ ಅಧ್ಯಾಯದ ಮೇಲೆಯೇ. ಪದವಿ ಬಂತು.

ಇದರಿಂದ ಜೀವಾಣು ಗೊಬ್ಬರವೇ ದಂಡ ಎಂದು ಯಾರೂ ತಿಳಿಯಬಾರದು. ಸೋಯಾ ಅವರೆಯನ್ನು ಹಿಂದೆಂದೂ ಬೆಳೆಯದ ನೆಲದಲ್ಲಿ ಮೊದಲ ಸಲ ಬಿತ್ತುವಾಗ ಅದಕ್ಕೆ ತಕ್ಕ ರೈಜೋಬಿಯಂ ಹಚ್ಚುವುದು ಅತ್ಯಗತ್ಯ. ಆ ಜೀವಾಣು ನಮ್ಮ ನೆಲದಲ್ಲಿ ಮೊದಲೇ ಇರುವುದು ಕಡಿಮೆ. ಅದೇ ಹೊಲದಲ್ಲಿ ಹಲವು ವರ್ಷ ಸೋಯಾ ಬೆಳೆದ ಮೇಲೆ ಜೀವಾಣು ನೆಲೆಸಿಬಿಡುವುದರಿಂದ ಮತ್ತೆ ಹಚ್ಚಿದ್ದು ಅಷ್ಟಾಗಿ ಕಾಣದೆ ಹೋಗಬಹುದು. ಶೇಂಗಾಕ್ಕೆ ಗಂಟು ಕಟ್ಟುವ ಜೀವಾಣುಗಳು ಅಲಸಂದೆ ಮೊದಲಾದವುಗಳ ಜೊತೆ ನಮ್ಮ ಮಣ್ಣಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಆದ್ದರಿಂದ ಶೇಂಗಾ ಪ್ರಯೋಗಗಳಲ್ಲಿ ‘ವ್ಯತ್ಯಾಸವಿಲ್ಲ’ ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಒಂದೇ ಪೊಟ್ಟಣ, ಎರಡು ನೆಲ, ಎರಡು ಉತ್ತರ. ‘ಇಲ್ಲ’ ಎಂದ ಪ್ರಯೋಗಗಳನ್ನು ಬಿಟ್ಟು ‘ಹೌದು’ ಎಂದವುಗಳನ್ನು ಮಾತ್ರ ಓದಿದವನಿಗೆ ಈ ಗಡಿ ಎಲ್ಲಿದೆಯೆಂದು ತಿಳಿಯುವುದೇ ಇಲ್ಲ.

ದುರದೃಷ್ಟವಶಾತ್ ಬಿಟ್ಟುಹೋಗುವುದೇ ಹೆಚ್ಚು. ಪ್ರಬಂಧದಲ್ಲಿ ಎಲ್ಲ ಕೋಷ್ಟಕಗಳೂ ಇರುತ್ತವೆ; ಆದರೆ ಪ್ರಬಂಧ ಗ್ರಂಥಾಲಯದ ಕಪಾಟು ಸೇರುತ್ತದೆ. ಅದರಿಂದ ಆಯ್ದು ಸಂಶೋಧನಾ ಪತ್ರಿಕೆಗಳಿಗೆ ಕಳಿಸುವಾಗ ವ್ಯತ್ಯಾಸ ಬಂದ ಅಧ್ಯಾಯ ಮುಂದೆ ಹೋಗುತ್ತದೆ, ಬಾರದ ಅಧ್ಯಾಯ ಹಿಂದೆ ಉಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ರೋಸೆಂತಾಲ್ 1979ರಲ್ಲಿ ಇದಕ್ಕೆ ‘ಮೇಜಿನ ಖಾನೆಯ ಸಮಸ್ಯೆ’ ಎಂಬರ್ಥದ ಹೆಸರಿಟ್ಟರು. ಏನೂ ಪ್ರಯೋಜನವಿಲ್ಲದ ಒಂದು ದ್ರಾವಣವನ್ನು ಇಪ್ಪತ್ತು ಕಡೆ ಪರೀಕ್ಷಿಸಿದರೆ ಒಂದು ಕಡೆ ಆಕಸ್ಮಿಕವಾಗಿ ವ್ಯತ್ಯಾಸ ಕಾಣಬಹುದು. ಹತ್ತೊಂಬತ್ತು ವರದಿಗಳು ಖಾನೆ ಸೇರಿ ಆ ಒಂದೇ ಅಚ್ಚಾದರೆ, ಅದರ ಪ್ರತಿಯನ್ನು ಗಾಜು ಹಾಕಿಸಿ ಅಂಗಡಿಯಲ್ಲಿ ತೂಗುಹಾಕುವವರಿಗೆ ಸುಳ್ಳು ಹೇಳುವ ಅವಶ್ಯಕತೆಯೇ ಇರುವುದಿಲ್ಲ. ಈಗ ಕೃಷಿ ವಿಶ್ವವಿದ್ಯಾನಿಲಯಗಳ ಪ್ರಬಂಧಗಳನ್ನು ‘ಕೃಷಿಕೋಶ’ ಎಂಬ ಅಂತರಜಾಲ ಭಂಡಾರದಲ್ಲಿ ಇಡುತ್ತಿರುವುದು ಒಳ್ಳೆಯ ಬೆಳವಣಿಗೆ. ಅವು ಇಂಗ್ಲಿಷಿನಲ್ಲಿರುವುದರಿಂದ, ಅದರಲ್ಲಿನ ‘ಇಲ್ಲ’ಗಳನ್ನು ಕನ್ನಡಕ್ಕೆ ತಂದು ಹೇಳುವ ಕೆಲಸ ನಮ್ಮಂಥವರ ಮೇಲೆ ಇನ್ನೂ ಬಾಕಿ ಇದೆ.

ರೈತರು ತಮ್ಮ ಹೊಲದಲ್ಲಿಯೇ ಇದನ್ನು ಮಾಡಿ ನೋಡಬಹುದು. ಹೊಸ ಗೊಬ್ಬರವನ್ನೋ ದ್ರಾವಣವನ್ನೋ ಬಳಸುವಾಗ ಇಡೀ ಹೊಲಕ್ಕೆ ಹಾಕಿ, ಹೋದ ವರ್ಷದ ಇಳುವರಿಗೆ ಹೋಲಿಸಬಾರದು. ಹೋದ ವರ್ಷದ ಮಳೆ ಈ ವರ್ಷದ್ದಲ್ಲ. ಹೊಲದ ನಾಲ್ಕು ಕಡೆ, ಬದುವಿನ ಅಂಚು, ಮರದ ನೆರಳು, ತಿಪ್ಪೆ ಇದ್ದ ಜಾಗ ಬಿಟ್ಟು, ಹಾಕಿದ ಪಟ್ಟಿಯ ಪಕ್ಕದಲ್ಲಿಯೇ ಹಾಕದ ಪಟ್ಟಿಯನ್ನು ಬಿಡಬೇಕು. ಎಡಕ್ಕೋ ಬಲಕ್ಕೋ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರೆ ಒಳ್ಳೆಯದು. ಮನಸ್ಸು ಒಳ್ಳೆಯ ಜಾಗವನ್ನು ಹೊಸದಕ್ಕೇ ಕೊಡುತ್ತದೆ. ತಳಿ, ಬಿತ್ತನೆಯ ದಿನ, ಮೇಲುಗೊಬ್ಬರ, ಕಳೆ ಎಲ್ಲವೂ ಎರಡಕ್ಕೂ ಒಂದೇ ಇರಬೇಕು. ಕೊಯ್ಲಿನಲ್ಲಿ ಪ್ರತಿ ಪಟ್ಟಿಯ ನಡುವಿನಿಂದ 5 ಮೀಟರ್ ಉದ್ದ 4 ಮೀಟರ್ ಅಗಲ ಅಳೆದು ಬೇರೆಯಾಗಿ ಕೊಯ್ದು, ಬಡಿದು, ಒಣಗಿಸಿ ತೂಗಬೇಕು. ಬಂದ ಕಿಲೋಗಳನ್ನು ಎರಡರಿಂದ ಗುಣಿಸಿದರೆ ಎಕರೆಗೆ ಹೆಚ್ಚುಕಡಿಮೆ ಅಷ್ಟು ಕ್ವಿಂಟಾಲ್. ಐದು ಕಿಲೋ ಬಂದರೆ ಎಕರೆಗೆ ಹತ್ತು ಕ್ವಿಂಟಾಲ್ ಎಂದು ಲೆಕ್ಕ.

ನಾಲ್ಕು ಜೋಡಿಗಳಲ್ಲಿ ಎರಡು ಕಡೆ ಹಾಕಿದ್ದು, ಎರಡು ಕಡೆ ಹಾಕದ್ದು ಮುಂದಿದ್ದರೆ ಹಣ ಕೊಡುವ ಮೊದಲು ಇನ್ನೊಂದು ವರ್ಷ ಕಾಯಿರಿ. ನಾಲ್ಕಕ್ಕೆ ನಾಲ್ಕೂ ಕಡೆ ಹಾಕಿದ್ದೇ ಮುಂದಿದ್ದರೆ, ಏನೂ ಪರಿಣಾಮವಿಲ್ಲದಿದ್ದರೂ ಬರಿಯ ಆಕಸ್ಮಿಕವಾಗಿ ಹಾಗಾಗುವ ಸಾಧ್ಯತೆ ಹದಿನಾರರಲ್ಲಿ ಒಂದು. ಹೆಚ್ಚಿದ ಕಾಳಿನ ಬೆಲೆ ಖರ್ಚನ್ನು ಮೀರುತ್ತದೆಯೇ ಎಂದು ನೋಡಿ ಮುಂದುವರಿಯಬಹುದು. ಎರಡರಲ್ಲಿ ಯಾವುದೇ ಆದರೂ ತೂಕಗಳನ್ನು, ಬಿತ್ತಿದ ದಿನವನ್ನು, ಮಳೆ ಬಿದ್ದ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಕ್ಷೇತ್ರೋತ್ಸವಕ್ಕೆ ಬರುವಾಗ ಜೊತೆಗೆ ತನ್ನಿರಿ. ಏನೂ ವ್ಯತ್ಯಾಸ ಬಾರದಿದ್ದರೂ ತನ್ನಿರಿ. ನಾನು ಮೇಲೆ ಹೇಳಿದ ರೈತರು ಮರು ವರ್ಷ ಹಾಗೆ ತಂದಿದ್ದರು. ಎರಡು ಪುಟ ತುಂಬ ಪೆನ್ಸಿಲಿನಲ್ಲಿ ಬರೆದ ಅಂಕಿಗಳು, ಒಂದು ಜೋಡಿಯ ಎದುರಿಗೆ ‘ಇಲ್ಲಿ ಹಂದಿ ಮೇಯ್ದಿದೆ, ಲೆಕ್ಕಕ್ಕಿಲ್ಲ’ ಎಂಬ ಷರಾ.